ಜಂಬಿಟ್ಟಿಗೆ ಗೋಡೆ ಗೇಮಿನೊಳಗೆ ಎದ್ದ ಭಾನುವಾರ

ಗೇಮಿನ ಟೆಕ್ಸ್ಚರ್, ಅಂದರೆ ಗೋಡೆ, ನೆಲ, ಮರಗಳ ಮೈಮೇಲೆ ಸಾಲಾಗಿ ಹೊದಿಸುವ ಚಿತ್ರ, ಬದಲಿಸಬೇಕಾದರೆ ಚಿತ್ರ ಬಿಡಿಸಲು ಬರಬೇಕು ಅಂತ ಬಹಳ ಜನ ಹಿಂಜರಿಯುತ್ತಾರೆ. ಚಿತ್ರಕಲೆಯ ಅಗತ್ಯವೇ ಇಲ್ಲ. ಒಳ್ಳೆ ಬೆಳಕಿನಲ್ಲಿ ತೆಗೆದ ಒಂದು ಫೋಟೊ ಇರಬೇಕು, ಅದರ ನಾಲ್ಕೂ ಅಂಚು ಒಂದಕ್ಕೊಂದು ಕೂಡುವಂತೆ ಮಾಡುವ ತಾಳ್ಮೆ ಇರಬೇಕು. ಆಷಾಢದ ಒಂದು ಭಾನುವಾರ, ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಅಕ್ಕನ ಮಕ್ಕಳಿಬ್ಬರಿಗೆ ಹೇಳಿಕೊಟ್ಟದ್ದು ಇದನ್ನೇ.

ದೊಡ್ಡವನಿಗೆ ನೇರವಾಗಿ ಬಸ್ ಓಡಿಸುವ ಗೇಮಿಗೆ ಕೈ ಹಾಕುವ ಆಸೆ. ಕಲಿಯಲು ಅದು ಸರಿಯಾದ ಜಾಗ ಅಲ್ಲ. ದುಡ್ಡು ಕೊಟ್ಟು ಕೊಳ್ಳುವ ಗೇಮುಗಳಲ್ಲಿ ಚಿತ್ರಗಳು ದೊಡ್ಡ ಕಟ್ಟುಗಳೊಳಗೆ ಸೇರಿಕೊಂಡಿರುತ್ತವೆ, ಬಿಚ್ಚಲು ಬೇರೆ ಸಾಧನ ಬೇಕು. ಆನ್‌ಲೈನ್ ಪಂದ್ಯದ ಗೇಮಾದರೆ ಫೈಲ್ ಮುಟ್ಟಿದ್ದಕ್ಕೇ ಖಾತೆ ಬಂದ್ ಆಗಬಹುದು. ಹಾಗಾಗಿ ಬ್ಲಾಕ್ ಪೇರಿಸಿ ಲೋಕ ಕಟ್ಟುವ ಲುವಾಂಟಿ ಹಾಕಿಸಿದೆವು. 2024ರವರೆಗೆ ಇದರ ಹೆಸರು ಮೈನ್‌ಟೆಸ್ಟ್. ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಟೆಕ್ಸ್ಚರ್‌ಗಳೆಲ್ಲ ಬಿಡಿ ಪಿಎನ್‌ಜಿ ಫೈಲುಗಳು. ಅದರ ಕಂಟೆಂಟ್ ಟ್ಯಾಬಿನಿಂದ, ಹಳೇ ಹೆಸರಿನಲ್ಲೇ ಇರುವ "ಮೈನ್‌ಟೆಸ್ಟ್ ಗೇಮ್" ಇಳಿಸಿಕೊಂಡರೆ ಮಣ್ಣು, ಕಲ್ಲು, ಇಟ್ಟಿಗೆ, ಮರ ಎಲ್ಲ 16×16 ಪಿಕ್ಸೆಲ್‌ನಲ್ಲಿ ಸಿಗುತ್ತವೆ. ಇಟ್ಟಿಗೆಯನ್ನು ತೆಗೆದು ಮನೆಯ ಜಂಬಿಟ್ಟಿಗೆ (ತೂತು ತೂತಿನ ಕೆಂಪು ಕಲ್ಲು) ಗೋಡೆ ಕೂರಿಸುವುದು ಅಂತ ತೀರ್ಮಾನವಾಯಿತು.

ಮಳೆಗಾಲದಲ್ಲಿ ಫೋಟೊ ಎಂಥದ್ದು ಅನ್ನಿಸಬಹುದು. ಟೆಕ್ಸ್ಚರ್ ತೆಗೆಯುವವರಿಗೆ ಮಲೆನಾಡಿನ ಮೋಡದ ಬೆಳಕಿಗಿಂತ ಒಳ್ಳೆಯದು ಬೇರೆ ಇಲ್ಲ. ಬೇಸಿಗೆಯ ಬಿಸಿಲಲ್ಲಿ ಪ್ರತಿ ಕಲ್ಲಿನ ಕೆಳಗೂ ಕಪ್ಪು ನೆರಳು ಬೀಳುತ್ತದೆ. ಗೇಮು ತನ್ನದೇ ಬೆಳಕನ್ನು ಬೇರೆ ದಿಕ್ಕಿನಿಂದ ಹಾಕುವಾಗ ಫೋಟೊದ ಆ ನೆರಳು ಸುಳ್ಳಾಗಿ ಕಾಣುತ್ತದೆ. ಮೋಡ ಕವಿದಾಗ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ, ನೆರಳೇ ಇರುವುದಿಲ್ಲ. ಆದರೆ ನೆಂದ ಕಲ್ಲು ಬೇಡ. ನೆಂದದ್ದು ಕಪ್ಪಗಾಗುತ್ತದೆ, ಹೊಳೆಯುತ್ತದೆ. ಸೂರಿನ ಕೆಳಗೆ, ಇರಚಲು ತಾಗದ ಗೋಡೆಯೇ ಸರಿ. ಫ್ಲ್ಯಾಶ್ ಆರಿಸಿ, ಎರಡು ಮೀಟರ್ ಹಿಂದೆ ಸರಿದು 2x ಜೂಮ್‌ನಲ್ಲಿ ತೆಗೆಯಬೇಕು. ತೀರಾ ಹತ್ತಿರ ಹೋದರೆ ಮೊಬೈಲಿನ ಲೆನ್ಸು ಅಂಚಿನ ಗೆರೆಗಳನ್ನು ಬಾಗಿಸುತ್ತದೆ. ಮೊಬೈಲ್ ಗೋಡೆಗೆ ನೇರವಾಗಿರಬೇಕು, ಮೇಲೂ ಕೆಳಗೂ ವಾಲಬಾರದು.

ಇನ್ನು ಕತ್ತರಿಸುವುದು. ಅರ್ಧ ಕೆಲಸ ಕೆಡುವುದು ಇಲ್ಲೇ. ಗೋಡೆಯಲ್ಲಿ ಕಲ್ಲಿನ ಒಂದು ವರಸೆಯ ಸಂದು ಮೇಲಿನ ವರಸೆಯ ಕಲ್ಲಿನ ನಡುವೆ ಬರುತ್ತದೆ. ಒಂದೇ ವರಸೆ ಕತ್ತರಿಸಿದರೆ ಗೇಮಿನಲ್ಲಿ ಸಂದುಗಳೆಲ್ಲ ಒಂದರ ಮೇಲೊಂದು ಕೂತು, ಕಂಬ ನಿಲ್ಲಿಸಿದ ಹಾಗೆ ಕಾಣುತ್ತದೆ. ಎರಡು ವರಸೆ ಸೇರಿಸಿ ತೆಗೆಯಲೇಬೇಕು. ಆ ಗೋಡೆಯಲ್ಲಿ ಕಲ್ಲಿನ ಉದ್ದ ಎತ್ತರದ ಎರಡರಷ್ಟಿತ್ತು, ಆದ್ದರಿಂದ ಎರಡು ವರಸೆ ಎತ್ತರ, ಒಂದು ಕಲ್ಲು ಅಗಲ ಸೇರಿ ಸರಿಸುಮಾರು ಚೌಕವೇ ಆಯಿತು. ಗಾರೆಯ ಗೆರೆಯ ನಟ್ಟನಡುವೆ ಕತ್ತರಿಸಿದರೆ ಮೇಲೆ ಕೆಳಗೆ ಕೂಡುವ ಗೆರೆ ಗಾರೆಯಲ್ಲೇ ಅಡಗುತ್ತದೆ. ಕತ್ತರಿಸಿದ್ದನ್ನು ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶದಲ್ಲಿ 512×512ಕ್ಕೆ ಇಳಿಸಿಕೊಂಡರೆ ಮುಂದಿನ ಕೆಲಸಕ್ಕೆ ಸಾಕು.

ಸೂರಿನ ಕೆಳಗಿನ ಗೋಡೆ ಮೇಲ್ಭಾಗದಲ್ಲಿ ತುಸು ಮಬ್ಬು. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಗೇಮಿನಲ್ಲಿ ಹತ್ತು ಬ್ಲಾಕ್ ಪೇರಿಸಿದಾಗ ಹತ್ತು ಕಪ್ಪು ಪಟ್ಟೆ ಎದ್ದು ಕಾಣುತ್ತವೆ. ಅದಕ್ಕೆ ಗಿಂಪ್‌ನಲ್ಲಿ ಚಿತ್ರದ ಪದರವನ್ನು (ಲೇಯರ್) ನಕಲು ಮಾಡಿ, ಮೇಲಿನದನ್ನು ಗಾಸಿಯನ್ ಬ್ಲರ್‌ನಿಂದ 60 ಪಿಕ್ಸೆಲ್‌ನಷ್ಟು ಮಸುಕುಗೊಳಿಸಿ, ಮೋಡ್ ಅನ್ನು ಗ್ರೇನ್ ಎಕ್ಸ್‌ಟ್ರಾಕ್ಟ್‌ಗೆ ಹಾಕಿ. ಬೆಳಕಿನ ಏರುಪೇರು ಹೋಗಿ ಚಿತ್ರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೇಲೆ ಗೋಡೆಯ ಕೆಂಪು ತುಂಬಿದ ಇನ್ನೊಂದು ಪದರ ಹಾಕಿ ಗ್ರೇನ್ ಮರ್ಜ್ ಮಾಡಿದರೆ ಬಣ್ಣ ವಾಪಸ್.

ಆಮೇಲೆ ಪದರಗಳನ್ನು ಒಂದಾಗಿಸಿ, ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿ ಆಫ್‌ಸೆಟ್. ಅಗಲ, ಎತ್ತರ ಎರಡನ್ನೂ ಅರ್ಧದಷ್ಟು ಸರಿಸಿ, ರ‍್ಯಾಪ್ ಅರೌಂಡ್ ಆಯ್ಕೆ ಆನ್ ಇರಲಿ. ಹೊರಗಿನ ಅಂಚುಗಳು ಚಿತ್ರದ ಮಧ್ಯಕ್ಕೆ ಬಂದು ಅಡ್ಡಡ್ಡ, ಉದ್ದುದ್ದ ಎರಡು ಗಾಯದಂತೆ ಕಾಣುತ್ತವೆ. ಕ್ಲೋನ್ ಟೂಲಿನ ಮೆತ್ತನೆಯ ಬ್ರಷ್‌ನಿಂದ ಪಕ್ಕದ ಕಲ್ಲಿನ ತೂತು, ಕಲೆಗಳನ್ನು ತಂದು ಅದರ ಮೇಲೆ ಕೂರಿಸಬೇಕು. ಟೈಲ್ ಸೀಮ್‌ಲೆಸ್ ಅನ್ನುವ ಸಿದ್ಧ ಫಿಲ್ಟರ್ ಕೂಡ ಇದೆ. ಹುಲ್ಲು, ಮರಳಿಗೆ ಅದು ನಡೆಯುತ್ತದೆ. ಗೋಡೆಗೆ ಬೇಡ, ಗಾರೆಯ ಗೆರೆಯ ಪಕ್ಕ ಅದರದೇ ನೆರಳು ಮೂಡಿಸಿ ಹಾಳು ಮಾಡುತ್ತದೆ.

"ಮಾವ, ಆ ಬಿಳಿ ಚುಕ್ಕಿ ಪ್ರತಿ ಬ್ಲಾಕಲ್ಲೂ ಬರ್ತಿದೆಯಲ್ಲ" ಅಂತ ಚಿಕ್ಕವಳು ಟೈಲ್ ಫಿಲ್ಟರಿನಲ್ಲಿ ಮೂರು ಸಾಲು ಜೋಡಿಸಿ ನೋಡುವಾಗಲೇ ಗುರುತಿಸಿದಳು. ಸುಣ್ಣದ ಒಂದು ಸಣ್ಣ ಕಲೆ ಅದು. ಎದ್ದು ಕಾಣುವ ಗುರುತು ಒಂದೇ ಒಂದಿದ್ದರೂ ಸಾಕು, ಸಾಲಾಗಿ ನಿಂತಾಗ ಕಣ್ಣು ಗೋಡೆ ಬಿಟ್ಟು ಅದನ್ನೇ ಎಣಿಸುತ್ತದೆ. ಅಂಥವನ್ನು ಮುಲಾಜಿಲ್ಲದೆ ಅಳಿಸಬೇಕು, ಎಷ್ಟೇ ಚೆಂದವಿದ್ದರೂ.

ಕೊನೆಗೆ 64×64ಕ್ಕೆ ಇಳಿಸಿದೆವು. 16ರಲ್ಲಿ ಜಂಬಿಟ್ಟಿಗೆಯ ತೂತುಗಳು ಮಾಯವಾಗಿ ಬರೀ ಕೆಂಪು ಉಳಿಯುತ್ತದೆ. 512ರಲ್ಲಿ ಬಿಟ್ಟರೆ ಮೆಮೊರಿಯಲ್ಲಿ ಒಂದೊಂದು ಚಿತ್ರವೂ 1 ಎಂಬಿ. 64ರದ್ದು 16 ಕೆಬಿ ಮಾತ್ರ.

ಮೂಲ ಫೈಲನ್ನು ಮುಟ್ಟುವುದೇ ಬೇಡ. ಲುವಾಂಟಿಯ ಟೆಕ್ಸ್ಚರ್ಸ್ ಫೋಲ್ಡರಿನಲ್ಲಿ ಹೊಸದೊಂದು ಫೋಲ್ಡರ್ ಮಾಡಿ, ಮೂಲದ್ದೇ ಹೆಸರಿನಲ್ಲಿ ನಿಮ್ಮ ಚಿತ್ರ ಇಡಿ. ಇಟ್ಟಿಗೆಗೆ ಡಿಫಾಲ್ಟ್_ಬ್ರಿಕ್.ಪಿಎನ್‌ಜಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ. ಕಂಟೆಂಟ್ ಟ್ಯಾಬಿನಲ್ಲಿ ಆ ಫೋಲ್ಡರಿನ ಹೆಸರಿನ ಪ್ಯಾಕ್ ಆರಿಸಿ, ಗೇಮಿನ ಲೋಕದಿಂದ ಹೊರಬಂದು ಮತ್ತೆ ಒಳಗೆ ಹೋದರೆ ಗೋಡೆ ಬದಲಾಗಿರುತ್ತದೆ. ಬದಲಾಗದಿದ್ದರೆ ಮೊದಲು ಹೆಸರು ನೋಡಿ. ವಿಂಡೋಸ್ ಫೈಲಿನ ಬಾಲವನ್ನು ಬಚ್ಚಿಡುವುದರಿಂದ ಎಷ್ಟೋ ಸಲ ಅದು ಪಿಎನ್‌ಜಿ.ಪಿಎನ್‌ಜಿ ಆಗಿರುತ್ತದೆ. ಗಿಂಪ್‌ನಲ್ಲಿ ಸೇವ್ ಕೊಟ್ಟರೆ ಗಿಂಪ್‌ನದೇ ಬಗೆಯ ಎಕ್ಸ್‌ಸಿಎಫ್ ಫೈಲು ಮಾತ್ರ ಬರುವುದು, ಗೇಮಿಗೆ ಬೇಕಾದದ್ದು ಎಕ್ಸ್‌ಪೋರ್ಟ್. ಆದರೂ ಎಕ್ಸ್‌ಸಿಎಫ್ ಅನ್ನು ಆಗಾಗ ಸೇವ್ ಮಾಡುತ್ತಿರಬೇಕು. ಆಷಾಢದ ಕರೆಂಟು ಹೇಳಿ ಹೋಗುವುದಿಲ್ಲ.

ಮಧ್ಯಾಹ್ನ ಅಡಿಕೆ ಮರ. ದುಂಡಗಿನ ಕಾಂಡದ ಫೋಟೊದಲ್ಲಿ ನಡುವಿನ ಮೂರನೇ ಒಂದು ಭಾಗವೇ ಉಪಯೋಗಕ್ಕೆ ಬರುವುದು, ಎರಡೂ ಪಕ್ಕ ಬಾಗಿ ಕಪ್ಪಾಗಿರುತ್ತವೆ. ಕಾಂಡದ ಮೇಲೆ ಹಾಳೆ ಬಿದ್ದ ಗುರುತಿನ ಬಳೆಗಳಿವೆಯಲ್ಲ, ಒಂದು ಬಳೆಯಿಂದ ಇನ್ನೊಂದು ಬಳೆಗೆ ಸರಿಯಾಗಿ ಕತ್ತರಿಸಿದರೆ ಮೇಲಿನ ಬ್ಲಾಕಿಗೆ ಕೂಡುವ ಗೆರೆ ತಾನಾಗಿ ಬಳೆಯಾಗುತ್ತದೆ. ಕೊಳೆ ರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ನೀಲಿ ಸುರಿಕೆ ಇಲ್ಲದ ಮರ ಹುಡುಕಿಕೊಳ್ಳಿ. ಕಡಿದ ಮುಖದ ಟೆಕ್ಸ್ಚರ್ ಬೇರೆ ಫೈಲು. ಅಲ್ಲಿ ಮಾಮೂಲಿ ಮರದಂತೆ ವರ್ಷದ ಉಂಗುರ ಬರೆದರೆ ತೋಟದವರು ಒಪ್ಪುವುದಿಲ್ಲ. ಅಡಿಕೆಗೆ ಉಂಗುರವಿಲ್ಲ. ಹೊರಗೆ ದಬ್ಬೆಯ ಗಟ್ಟಿ ಅಂಚು, ಒಳಗೆ ಮೆದು ತಿರುಳಿನಲ್ಲಿ ನಾರಿನ ಚುಕ್ಕಿ, ಅಷ್ಟೇ.

ಹುಲ್ಲಿನ ಬ್ಲಾಕಿನ ಪಕ್ಕದ ಮುಖದ ಚಿತ್ರಕ್ಕೆ ಬಂದಾಗ ಜಾಗ್ರತೆ. ಅದು ಪೂರ್ತಿ ಚಿತ್ರವಲ್ಲ, ಮಣ್ಣಿನ ಮೇಲೆ ಹೊದಿಸುವ ಪಾರದರ್ಶಕ ಪದರ. ಮೇಲಂಚಿನ ಹಸಿರು ಬಿಟ್ಟು ಉಳಿದದ್ದು ಖಾಲಿ ಇರಬೇಕು. ಜೆಪೆಗ್‌ನಿಂದ ತಂದದ್ದಕ್ಕೆ ಪಾರದರ್ಶಕತೆ ಹಿಡಿದಿಡುವ ಆಲ್ಫಾ ಚಾನೆಲ್ ಇರುವುದಿಲ್ಲ, ಸೇರಿಸದಿದ್ದರೆ ಮಣ್ಣು ಮುಚ್ಚಿಹೋಗುತ್ತದೆ. ಮೂಲ ಚಿತ್ರವನ್ನೇ ತೆರೆದು ತಿದ್ದುವಾಗ ಹಾಕಿದ ಬಣ್ಣ ಬೇರೆಯೇ ಆಗಿ ಕೂತರೆ ಅದು ಗೊತ್ತಾದ ಕೆಲವೇ ಬಣ್ಣಗಳ ಇಂಡೆಕ್ಸ್ಡ್ ಮೋಡ್‌ನಲ್ಲಿದೆ ಎಂದರ್ಥ. ಆರ್‌ಜಿಬಿಗೆ ಬದಲಿಸಿ ಶುರು ಮಾಡಿ.

ಬಸ್ಸಿನ ಆಸೆಗೂ ಸಂಜೆ ಸ್ವಲ್ಪ ಹೊತ್ತು ಸಿಕ್ಕಿತು. ಅಂಥ ಗೇಮುಗಳಲ್ಲಿ ಪಿಎನ್‌ಜಿ ಬದಲು ಹೆಚ್ಚಾಗಿ ಡಿಡಿಎಸ್ ಎಂಬ ಬಗೆಯ ಚಿತ್ರದ ಫೈಲು. ಅಳತೆ 1024, 2048 ಹೀಗೆ ಎರಡರ ಘಾತದಲ್ಲೇ ಇರಲಿ. 2048×2048 ಚಿತ್ರ ಹಾಗೇ ಇದ್ದರೆ 16 ಎಂಬಿ, ಡಿಎಕ್ಸ್‌ಟಿ1 ಎಂಬ ವಿಧಾನದಲ್ಲಿ ಒತ್ತಿ ಚಿಕ್ಕದು ಮಾಡಿದರೆ 2 ಎಂಬಿ, ಡಿಎಕ್ಸ್‌ಟಿ5ರಲ್ಲಿ 4 ಎಂಬಿ. ಗಾಜಿನಂಥ ನಯವಾದ ಪಾರದರ್ಶಕತೆ ಬೇಕಿದ್ದರೆ ಡಿಎಕ್ಸ್‌ಟಿ5. ಬಸ್ಸಿನ ಮೈಯೆಲ್ಲ ಒಂದೇ ಹಾಳೆಯಲ್ಲಿ ಬಿಚ್ಚಿ ಹರಡಿರುತ್ತದೆ. ಕೆಲವು ಮಾದರಿಗಳಲ್ಲಿ ಎಡಬಲ ಎರಡೂ ಪಕ್ಕಕ್ಕೆ ಒಂದೇ ತುಂಡು. ಅಲ್ಲಿ "ಶಿವಮೊಗ್ಗ – ಸಾಗರ" ಅಂತ ಬರೆದರೆ ಒಂದು ಪಕ್ಕ ಕನ್ನಡಿಯೊಳಗಿನಂತೆ ತಿರುಗಿ ಕಾಣುತ್ತದೆ, ಬೋರ್ಡಿನ ಅಕ್ಷರ ಅಲ್ಲಿಗೆ ಹಾಕುವಂತಿಲ್ಲ. ಯಾವ ತುಂಡು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಬಣ್ಣ ಹಚ್ಚುವ ಮೊದಲೇ ಇಡೀ ಹಾಳೆಗೆ ಚೌಕುಳಿ ಎಳೆದು, ಪ್ರತಿ ಚೌಕದಲ್ಲಿ ಸಂಖ್ಯೆ ಬರೆದು ಒಮ್ಮೆ ಗೇಮಿನಲ್ಲಿ ಬಸ್ಸಿನ ಸುತ್ತ ತಿರುಗಿ ನೋಡಿ ಬರೆದಿಟ್ಟುಕೊಳ್ಳಬೇಕು.