ಅಳಿಸಬಾರದ ನಾಲ್ಕು ಅಕ್ಷರ

ನಮ್ಮ ಎಂಟನೇ ಕ್ಲಾಸಿನ ಕರಿಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಅದರೊಳಗೆ ಇಂಗ್ಲಿಷಿನ ನಾಲ್ಕೇ ಅಕ್ಷರ: ಓ, ಯು, ಜಿ, ಎಚ್. ಕೆಳಗೆ ಕನ್ನಡದಲ್ಲಿ ‘ಅಳಿಸಬೇಡಿ’. ಲೆಕ್ಕದ ಮೇಷ್ಟ್ರು ಜಾಗ ಸಾಲದಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಹಲಗೆ ಒರೆಸುವ ಪಾಳಿ ನನಗೆ ಬಂದ ವಾರ, ಚೌಕದ ಗೆರೆಗೆ ಎಡಗೈ ಅಡ್ಡ ಇಟ್ಟುಕೊಂಡು ಡಸ್ಟರ್ ಎಳೆಯುತ್ತಿದ್ದೆ. ಸಂಜೆ ಹೊತ್ತಿಗೆ ಆ ಅಂಗೈ ಪೂರ್ತಿ ಬೆಳ್ಳಗಾಗಿರುತ್ತಿತ್ತು.

ಆ ಚೌಕ ಬಂದದ್ದೇ ನನ್ನ ದೆಸೆಯಿಂದ. 1994ರ ಮಾತು. ಪಾಠ ಗಟ್ಟಿಯಾಗಿ ಓದುವ ಸರದಿ ನನ್ನದು. ಬರಗಾಲ ಅನ್ನುವ ಅರ್ಥದ ಪದ ಬಂತು. ಮೊದಲು ಡಿ ಆರ್, ನಡುವೆ ಈ ನಾಲ್ಕು, ಕೊನೆಗೆ ಟಿ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇವೆ, ಅಲ್ವಾ? ನಾನು ಹಾಗೇ ‘ಡ್ರೌಘ್ಟ್’ ಎಂದೆ. ಘಕಾರವನ್ನು ಒತ್ತಿಯೇ ಹೇಳಿದೆ. ಇಡೀ ಕ್ಲಾಸು ನಕ್ಕಿತು. ನನ್ನ ಕಣ್ಣಲ್ಲಿ ನೀರು ತುಂಬಿತು.

ಇಂಗ್ಲಿಷ್ ಮೇಷ್ಟ್ರು ನಗಲಿಲ್ಲ. ‘ನಗೋದೇನಿದೆ ಇದರಲ್ಲಿ? ಆರುನೂರು ವರ್ಷದ ಹಿಂದೆ ಇಂಗ್ಲಿಷರೂ ಈ ಜಿ ಎಚ್ಚನ್ನ ಗಂಟಲಿಂದ ಹೇಳ್ತಿದ್ರು. ನೀನು ಓದಮ್ಮ’ ಎಂದರು. ಪಾಠ ಮುಗಿದ ಮೇಲೆ ಚೌಕ ಬರೆದರು.

ಆಮೇಲಿಂದ ದಿನಾ ಪೀರಿಯಡ್ಡಿನ ಮೊದಲ ಐದು ನಿಮಿಷ ಆ ಚೌಕದ್ದೇ. ನಾಲ್ಕು ಅಕ್ಷರದ ಹಿಂದೆ ಮುಂದೆ ಸೀಮೆಸುಣ್ಣದಿಂದ ಒಂದೆರಡು ಅಕ್ಷರ ಸೇರಿಸುವರು. ನಾವು ಓದಬೇಕು. ಪಿ ಎಲ್ ಸೇರಿಸಿದರೆ ಪ್ಲೌ, ನೇಗಿಲು. ಟಿ ಸೇರಿಸಿದರೆ ಟಫ್. ಡಿ ಸೇರಿಸಿದರೆ ಡೋ, ಕಲಸಿದ ಹಿಟ್ಟು. ಸಿ ಸೇರಿಸಿದರೆ ಕಾಫ್, ಕೆಮ್ಮು. ಇದನ್ನು ಯಾರೂ ಮರೆಯಲಿಲ್ಲ, ಕೆಮ್ಮಿದರೆ ಕಫ ಬರುತ್ತದಲ್ಲ! ಟಿ ಎಚ್ ಹಾಕಿದರೆ ದೋ. ಅದಕ್ಕೇ ಇನ್ನೊಂದು ಆರ್ ತುರುಕಿದರೆ ಥ್ರೂ. ‘ತಂದ’ ಅನ್ನುವುದಕ್ಕೆ ಬ್ರಾಟ್. ಮೊದಲಿನ ಬಿ ತೆಗೆದು ಡಿ ಹಾಕಿದರೆ ಬರಗಾಲದ ಡ್ರೌಟ್. ಬದಲಾಗಿದ್ದು ಒಂದೇ ಅಕ್ಷರ. ಆದರೆ ಒಳಗಿನ ಸ್ವರವೇ ಬೇರೆ.

‘ಯಾಕೆ ಸರ್ ಹೀಗೆ?’ ಎಂದು ಕೇಳಿದರೆ ಹೆಚ್ಚಿನವರು ‘ಇಂಗ್ಲಿಷೇ ಹಂಗೆ, ಸುಮ್ನೆ ಬಾಯಿಪಾಠ ಮಾಡು’ ಅನ್ನುತ್ತಾರೆ. ನಮ್ಮ ಮೇಷ್ಟ್ರು ಕಾರಣ ಹೇಳಿದರು. ಈ ಜಿ ಎಚ್ ಒಂದು ಕಾಲಕ್ಕೆ ಗಂಟಲನ್ನು ಉಜ್ಜಿಕೊಂಡು ಬರುವ ಒಂದು ಸದ್ದು. ಹೆಚ್ಚುಕಡಿಮೆ ನಮ್ಮ ಖ್ ಹತ್ತಿರದ್ದು. ಜರ್ಮನರು ರಾತ್ರಿಗೆ ಈಗಲೂ ‘ನಾಖ್ಟ್’ ಅನ್ನುತ್ತಾರೆ, ಎಂಟಕ್ಕೆ ‘ಆಖ್ಟ್’, ಮಗಳಿಗೆ ‘ಟೋಖ್ಟರ್’. ಇಂಗ್ಲಿಷಿನ ನೈಟ್, ಏಯ್ಟ್, ಡಾಟರ್ ಮೂರರಲ್ಲೂ ಜಿ ಎಚ್ ಕೂತಿರುವುದು ಅದೇ ಜಾಗದಲ್ಲಿ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಶುರು ಮಾಡಿದ. ಅಚ್ಚಾಗುತ್ತಾ ಆಗುತ್ತಾ ಕಾಗುಣಿತ ಗಟ್ಟಿಯಾಯಿತು. ಜನರ ನಾಲಿಗೆ ಮಾತ್ರ ನಿಲ್ಲಲಿಲ್ಲ. ಆ ಸದ್ದು ಕೆಲವು ಪದಗಳಲ್ಲಿ ತುಟಿಗೆ ಬಂದು ಫ್ ಆಯಿತು, ಹೆಚ್ಚಿನವುಗಳಲ್ಲಿ ಪೂರ್ತಿ ಮಾಯವಾಯಿತು. ಸ್ವರಗಳೂ ಒಂದೊಂದು ಕಡೆ ಒಂದೊಂದು ದಾರಿ ಹಿಡಿದವು. ಅಮೆರಿಕದವರು ನೇಗಿಲಿನಿಂದ ಯು ಜಿ ಎಚ್ ಕಿತ್ತು ಹಾಕಿ ಡಬ್ಲ್ಯು ಇಟ್ಟುಕೊಂಡರು. ಅದು ಒಳ್ಳೇ ಕೆಲಸವೇ ಇರಬಹುದು. ನನಗೇನೋ ಹಳೆಯದೇ ಇಷ್ಟ.

ಒಂದು ದಿನ ಅವರು ಸ್ಟಾಫ್ ರೂಮಿನಿಂದ ಕನ್ನಡ ಪಂಡಿತರನ್ನೇ ಕರೆದುಕೊಂಡು ಬಂದರು. ಪಂಡಿತರು ಚೌಕದ ಪಕ್ಕದಲ್ಲಿ ಎರಡು ಅಕ್ಷರ ಬರೆದರು: ೞ, ಱ. ನಾವು ಅವನ್ನು ನೋಡಿಯೇ ಇರಲಿಲ್ಲ. ‘ಈಗಿನ ಏಳು ಆಗ ಏೞ್, ಈಗಿನ ಆರು ಆಗ ಆಱ್. ಸದ್ದು ಹೋಯ್ತು. ಅದರ ಹಿಂದೆ ಅಕ್ಷರವನ್ನೂ ನಾವು ಕೈಬಿಟ್ವಿ. ಅವರು ಸದ್ದು ಕಳ್ಕೊಂಡ್ರೂ ಅಕ್ಷರ ಬಿಡಲಿಲ್ಲ’ ಎಂದರು. ಮೇಷ್ಟ್ರು ಪಕ್ಕದಲ್ಲಿ ನಿಂತು ನಮ್ಮ ಹಾಗೇ ಕಿವಿಗೊಟ್ಟು ಕೇಳುತ್ತಿದ್ದರು. ನನ್ನ ಪಾಲಿಗೆ ಇಂಗ್ಲಿಷಿನ ಭಯ ಬಿಟ್ಟಿದ್ದು ಆ ದಿನ. ಅದು ದೊಡ್ಡವರ ಮನೆಯ ಭಾಷೆ ಅಂದುಕೊಂಡಿದ್ದೆ. ಅದಕ್ಕೂ ನಮ್ಮ ಭಾಷೆಯ ಹಾಗೇ ವಯಸ್ಸಾಗುತ್ತದೆ, ಅದೂ ಸವೆಯುತ್ತದೆ ಅಂತ ಗೊತ್ತಾಯಿತು.

ಡಿಗ್ರಿಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡೆ. ಅಲ್ಲಿ ಚಾಸರ್ ಸಿಕ್ಕಿದ, 1400ರಲ್ಲಿ ತೀರಿಕೊಂಡ ಕವಿ. ಅವನ ದೊಡ್ಡ ಕಾವ್ಯದ ಎರಡನೇ ಸಾಲಿನಲ್ಲೇ ನನ್ನ ಪದ ಕೂತಿತ್ತು! ಮಾರ್ಚ್ ತಿಂಗಳ ಒಣಬರವನ್ನು ಏಪ್ರಿಲ್ ಮಳೆ ಬೇರಿನ ತನಕ ಇಳಿದು ನೀಗಿತು ಅನ್ನುವ ಮಾತು. ನಮ್ಮ ಬಯಲುಸೀಮೆಯವರಿಗೆ ಆ ಸಾಲನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಪದವನ್ನು ಚಾಸರ್ ಗಂಟಲಿನ ಸದ್ದು ಸೇರಿಸಿಯೇ ಹೇಳುತ್ತಿದ್ದ ಎಂದು ಲೆಕ್ಚರರ್ ಹೇಳಿದಾಗ, ಎದ್ದು ಊರಿಗೆ ಓಡಿಹೋಗಿ ಮೇಷ್ಟ್ರಿಗೆ ತಿಳಿಸಬೇಕು ಅನ್ನಿಸಿತು. ಕಾಗದ ಬರೆದೆ. ಉತ್ತರ ಪೋಸ್ಟ್ ಕಾರ್ಡಿನಲ್ಲಿ ಬಂತು. ‘ಅಂದು ಅತ್ತಿದ್ದೆಯಲ್ಲಮ್ಮ, ಈಗ ಸಮಾಧಾನ ಆಯಿತೇ?’ ಎಂದು ಒಂದೇ ಸಾಲು.

ಅವರು ನಿವೃತ್ತರಾಗಿ ಬಹಳ ವರ್ಷ ಆಯಿತು. ನಾನೇ ಈಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಫೋನ್ ಮಾಡಿದಾಗ ಆರೋಗ್ಯ, ಮಳೆ, ಬೆಳೆ ಎಲ್ಲ ಮಾತಾಡಿ, ಇಡುವ ಮೊದಲು ಇವತ್ತಿಗೂ ಒಂದು ಪದ ಕೇಳುತ್ತಾರೆ. ಹೋದ ತಿಂಗಳು ಕೇಳಿದ್ದು ಎಸ್ ಎಲ್, ಆಮೇಲೆ ನಾಲ್ಕು. ‘ಸ್ಲೌ, ಸರ್. ಕೆಸರು, ಜೌಗು’ ಎಂದೆ.

‘ಸರಿ. ಇನ್ನೊಂದು?’

ಯೋಚಿಸಿದೆ. ಹೊಳೆಯಲಿಲ್ಲ.

‘ಅದೇ ಅಕ್ಷರ, ಸ್ಲಫ್ ಅಂತ ಓದು. ಹಾವು ಪೊರೆ ಬಿಡೋದು’ ಎಂದರು. ‘ನಾಳೆ ನಿನ್ನ ಹಲಗೆ ಮೇಲೆ ಬರಿ.’

ಮಾರನೇ ದಿನವೇ ಬರೆದೆ.