ಟೈರ್ ಸವೆತದ ಲೆಕ್ಕ: ಸ್ಟೆಪ್ನಿಯನ್ನು ಸೇರಿಸಿಕೊಂಡ ಹಂತ

ವಾಕ್ಯರೂಪದ ಲೆಕ್ಕಗಳನ್ನು ಬಿಡಿಸಿ ವಿವರಣೆಯೊಡನೆ ಬರೆದಿಡುವ ನನ್ನ ಕೆಲಸದಲ್ಲಿ ಈಗ ಕಾರಿನ ಟೈರ್‌ಗಳ ಸರದಿ ಬಂದಿದೆ. ಮುಂದಿನ ಚಕ್ರದಲ್ಲಿರುವ ಟೈರ್ 40,000 ಕಿ.ಮೀ.ಗೆ, ಹಿಂದಿನದರಲ್ಲಿರುವುದು 60,000 ಕಿ.ಮೀ.ಗೆ ಪೂರ್ತಿ ಸವೆಯುತ್ತದೆ. ನಾಲ್ಕೂ ಒಟ್ಟಿಗೆ ಸವೆದು ಮುಗಿಯಬೇಕಾದರೆ ಹಿಂದುಮುಂದಿನವನ್ನು ಯಾವಾಗ ಅದಲುಬದಲು ಮಾಡಬೇಕು ಎಂಬುದು ಮೂಲ ಪ್ರಶ್ನೆ.

ಸರಾಸರಿ 50,000 ಎಂದು ಹಿಡಿದರೆ ಲೆಕ್ಕ ಕೂಡುವುದಿಲ್ಲ. 25,000 ಕಿ.ಮೀ. ಮುಂದೆ, ಅಷ್ಟೇ ದೂರ ಹಿಂದೆ ಉರುಳಿದ ಟೈರಿನ ಸವೆತ 5/8 + 5/12, ಅಂದರೆ 25/24. ಒಂದು ಟೈರ್ ತನ್ನನ್ನು ಮೀರಿ ಸವೆಯಲಾರದು. ಕೂಡಿಸಬೇಕಾದದ್ದು ಬಾಳಿಕೆಯನ್ನಲ್ಲ, ಪ್ರತಿ ಕಿಲೋಮೀಟರಿಗೆ ಆಗುವ ಸವೆತವನ್ನು. 1/40,000 ಮತ್ತು 1/60,000 ಸೇರಿದರೆ 1/24,000 ಆಗುವುದರಿಂದ, 24,000ಕ್ಕೆ ಬದಲಿಸಿದಾಗ ಕಾರು ಒಟ್ಟು 48,000 ಕಿ.ಮೀ. ಓಡುತ್ತದೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಒಂದು ದಿನ, ಅರ್ಧ ದಿನ, ದಿನದ ಮೂರನೇ ಒಂದು ಮತ್ತು ಆರನೇ ಒಂದು ಭಾಗದಲ್ಲಿ ಕೊಳವನ್ನು ತುಂಬಿಸುವ ನಾಲ್ಕು ಝರಿಗಳು ಜೊತೆಯಾಗಿ ದಿನದ 1/12 ಭಾಗದಲ್ಲಿ ತುಂಬಿಸುವ ಲೆಕ್ಕವೂ ಇದೇ ದಾರಿಯದು.

ನನಗೆ ಅತ್ಯಂತ ಹಿಡಿಸಿದ್ದು ಡಿಕ್ಕಿಯಲ್ಲಿ ಸುಮ್ಮನೆ ಮಲಗಿರುವ ಸ್ಟೆಪ್ನಿಯನ್ನೂ ಸರದಿಗೆ ಸೇರಿಸಿದಾಗ ಬರುವ ಉತ್ತರ. ನಾಲ್ಕು ಚಕ್ರಗಳ ಒಟ್ಟು ಸವೆತ ಕಿಲೋಮೀಟರಿಗೆ 1/12,000; ಐದು ಟೈರ್‌ಗಳಿದ್ದರೆ 60,000 ಕಿ.ಮೀ.ಗಿಂತ ಹೆಚ್ಚು ಓಡಲು ಸಾಧ್ಯವೇ ಇಲ್ಲ. ಇದು ಮೇಲಿನ ಮಿತಿಯಷ್ಟೇ ಆದ್ದರಿಂದ, ಅದನ್ನು ಮುಟ್ಟುವ ಸರದಿ ಇದೆಯೆಂದು ತೋರಿಸುವವರೆಗೆ ಉತ್ತರ ಪೂರ್ಣವಾಗದು. ಪ್ರತಿ 12,000 ಕಿ.ಮೀ.ಗೊಮ್ಮೆ ಎಲ್ಲ ಟೈರ್‌ಗಳನ್ನೂ ಒಂದೊಂದು ಸ್ಥಾನ ಮುಂದಕ್ಕೆ ಸರಿಸುತ್ತ ಹೋದರೆ ಪ್ರತಿಯೊಂದೂ ಎರಡು ಸರದಿ ಮುಂದೆ, ಎರಡು ಸರದಿ ಹಿಂದೆ, ಒಂದು ಸರದಿ ಡಿಕ್ಕಿಯಲ್ಲಿ ಕಳೆಯುತ್ತದೆ. ಆಗ ಸವೆತ 24/40 + 24/60, ಸರಿಯಾಗಿ ಒಂದು. ಸ್ಥಾನಗಳ ಕ್ರಮ ಯಾವುದಿದ್ದರೂ ಫಲ ಬದಲಾಗದಿರುವುದು ಈ ಪರಿಹಾರದ ಸೊಗಸು.

ಸವೆತವು ದೂರಕ್ಕೆ ಸಮಪ್ರಮಾಣದಲ್ಲಿರುತ್ತದೆ ಎಂಬ ಊಹೆಯನ್ನು ಟಿಪ್ಪಣಿಯ ಆರಂಭದಲ್ಲೇ ಬರೆದಿದ್ದೇನೆ.

ಈಗ ಬರೆಯುತ್ತಿರುವುದು ಒಂದೇ ದಿಕ್ಕಿಗೆ ಉರುಳಲೆಂದು ಅಚ್ಚು ಕೊರೆದಿರುವ ಟೈರ್‌ಗಳ ಸಂದರ್ಭವನ್ನು. ರಿಮ್ಮಿನಿಂದ ಬಿಚ್ಚಿ ತಿರುಗಿಸಿ ಹಾಕದ ಹೊರತು ಅವು ಎಡಬಲ ಬದಲಾಗುವಂತಿಲ್ಲ. ಸ್ಟೆಪ್ನಿ ಒಂದು ಬದಿಗಷ್ಟೇ ನೆರವಾಗುತ್ತದೆ, ಇನ್ನೊಂದು ಬದಿಯ ಜೋಡಿ 48,000ಕ್ಕೇ ಮುಗಿಯುತ್ತದೆ. ಹಾಗಾಗಿ ಐದನೆಯ ಟೈರಿನಿಂದ ಒಂದು ಕಿಲೋಮೀಟರೂ ಹೆಚ್ಚಾಗುವುದಿಲ್ಲ.