ರಿಲ್ಯಾಕ್ಸರ್ ಹಾಕಿದ ಕೂದಲನ್ನು ಗಾಳಿಗೆ ಆರಿಸುವಾಗ

ತಲೆಸ್ನಾನವಾದ ಮೇಲೆ ಬಾಚಣಿಗೆಗೆ ಬಂದ ಎಳೆಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗುಬುಟು ಇದ್ದರೆ ಅದು ಬುಡದಿಂದ ತಾನಾಗಿ ಉದುರಿದ ಕೂದಲು. ದಿನಕ್ಕೆ 50ರಿಂದ 100 ಹಾಗೆ ಉದುರುವುದು ಸಹಜ. ಗುಬುಟಿಲ್ಲದ, ಒಂದೆರಡು ಇಂಚಿನ ತುಣುಕುಗಳೇ ಹೆಚ್ಚಿದ್ದರೆ ಕೂದಲು ನಡುವೆ ತುಂಡಾಗುತ್ತಿದೆ ಎಂದರ್ಥ. ಡ್ರೈಯರ್ ಮುಟ್ಟದೆ ಬರೀ ಗಾಳಿಗೆ ಆರಿಸುವವರಿಗೂ ಹೀಗಾಗುತ್ತದೆ. ಬಿಸಿ ತಾಗದಿದ್ದರೂ ಒದ್ದೆ ಕೂದಲನ್ನು ಎಳೆದರೆ, ತಿಕ್ಕಿದರೆ ಅಷ್ಟೇ ಸಾಕು.

ರಿಲ್ಯಾಕ್ಸರ್ ಮುಖ್ಯವಾಗಿ ಆಫ್ರಿಕನ್ ಮೂಲದವರ ಬಿಗಿ ಸುರುಳಿ ಕೂದಲನ್ನು ನೇರ ಮಾಡಲು ಬಂದದ್ದು. ಅದರಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್, ಇಲ್ಲವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಗ್ವಾನಿಡಿನ್ ಕಾರ್ಬೊನೇಟ್ ಬೆರೆಸಿ ತಯಾರಾಗುವ ಮಿಶ್ರಣ. ಪಿಎಚ್ 12ರಿಂದ 14, ಅಂದರೆ ತೀವ್ರ ಕ್ಷಾರ. ಕೂದಲಿನ ಗಂಧಕದ ಬಂಧಗಳನ್ನು ಅದು ಶಾಶ್ವತವಾಗಿ ಬದಲಿಸುತ್ತದೆ. ನಮ್ಮ ಪಾರ್ಲರುಗಳಲ್ಲಿ ಮಾಡುವ ರೀಬಾಂಡಿಂಗ್ ಬೇರೆಯದು: ಥಯೋಗ್ಲೈಕೊಲೇಟ್ ಹಚ್ಚಿ ಬಂಧ ಬಿಡಿಸಿ, ಐರನ್ ಮಾಡಿ, ನ್ಯೂಟ್ರಲೈಸರ್‌ನಿಂದ ಮತ್ತೆ ಕೂಡಿಸುತ್ತಾರೆ. ಒಂದು ಮಾಡಿಸಿದ ಕೂದಲಿನ ಮೇಲೆ ಇನ್ನೊಂದನ್ನು ಎಂದೂ ಹಾಕಿಸಬೇಡಿ, ಎಳೆಗಳು ಕೈಗೇ ಬಂದುಬಿಡುತ್ತವೆ. ಆದರೆ ಒಣಗಿಸುವ ವಿಚಾರದಲ್ಲಿ ಇಬ್ಬರಿಗೂ ಮುಂದೆ ಹೇಳುವ ಮಾತುಗಳೇ ಅನ್ವಯ.

ಆರೋಗ್ಯವಂತ ಕೂದಲಿನ ಮೇಲೆ ತೆಳ್ಳನೆಯ ಜಿಡ್ಡಿನ ಪದರವಿರುತ್ತದೆ. ರಿಲ್ಯಾಕ್ಸರ್ ಅದನ್ನು ತೆಗೆದುಹಾಕುವುದರಿಂದ ಎಳೆ ಬೇಗ ನೀರು ಕುಡಿದು ಉಬ್ಬುತ್ತದೆ, ಮೇಲಿನ ಹುರುಪೆಗಳು ಎದ್ದು ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತವೆ. ಒದ್ದೆಯಲ್ಲಿ ಎಳೆ ಹಿಗ್ಗುತ್ತದೆ, ಹಿಗ್ಗಿದ್ದನ್ನು ಇನ್ನಷ್ಟು ಎಳೆದರೆ ತುಂಡಾಗುತ್ತದೆ. ಎಲ್ಲಕ್ಕಿಂತ ನಾಜೂಕಾದ ಜಾಗ ಹೊಸ ಕೂದಲೂ ಹಳೆಯ ನೇರ ಕೂದಲೂ ಕೂಡುವ ಗೆರೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಾದರೆ ಬುಡದಲ್ಲಿ 2 ಸೆಂಟಿಮೀಟರ್ ಸುರುಳಿ, ಅದರಾಚೆ ಸೋತ ನೇರ ಎಳೆ. ಒಣಗುವಾಗ ಸುರುಳಿ ಕುಗ್ಗುತ್ತದೆ, ನೇರದ್ದು ಇದ್ದಲ್ಲೇ ಇರುತ್ತದೆ. ಬಾಚಣಿಗೆ ತಡೆಯುವುದೂ ಆ ಗೆರೆಯಲ್ಲೇ, ಎಳೆ ಮುರಿಯುವುದೂ ಅಲ್ಲೇ.

ಆದ್ದರಿಂದ ಸಿಕ್ಕು ಬಿಡಿಸುವ ಕೆಲಸವನ್ನೆಲ್ಲ ಬಚ್ಚಲಿನಲ್ಲೇ, ಕಂಡೀಷನರ್ ಇರುವಾಗಲೇ ಮುಗಿಸಿಬಿಡಬೇಕು. ಹೊರಗೆ ಬಂದ ಮೇಲೆ ಬಾಚಲು ಏನೂ ಉಳಿದಿರಬಾರದು.

ಸ್ನಾನಕ್ಕೆ ಒಂದು ಗಂಟೆ ಮೊದಲು ಎರಡು ಟೀ ಚಮಚ ಕೊಬ್ಬರಿ ಎಣ್ಣೆಯನ್ನು ನಡುವಿನಿಂದ ತುದಿಯವರೆಗೆ ಸವರಿ. ಅದರ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿಯುತ್ತದೆ, ಎಳೆ ನೀರಿಗೆ ಉಬ್ಬುವುದು ಕಡಿಮೆಯಾಗುತ್ತದೆ. ಸೂರ್ಯಕಾಂತಿ ಎಣ್ಣೆಗೆ ಆ ಗುಣವಿಲ್ಲ. ಅಭ್ಯಂಜನದಂತೆ ತಲೆಯನ್ನು ರಪರಪ ತಿಕ್ಕಬೇಡಿ. ಸೀಗೆಪುಡಿಯನ್ನೂ ಈ ಕೂದಲಿಗೆ ನಾನು ಒಪ್ಪುವುದಿಲ್ಲ, ಅದರ ತರಿ ತೆಗೆಯಲು ಉಜ್ಜಲೇಬೇಕಾಗುತ್ತದೆ. ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ, ಶಾಂಪೂವಿಗೆ ಸ್ವಲ್ಪ ನೀರು ಬೆರೆಸಿ ನೆತ್ತಿಗೆ ಮಾತ್ರ ಹಚ್ಚಿ, ನೊರೆ ಕೆಳಗಿಳಿಯಲಿ. ಕೂದಲನ್ನು ತಲೆಯ ಮೇಲೆ ರಾಶಿ ಹಾಕಿ ಕಲಸುವ ಅಭ್ಯಾಸವೇ ಅರ್ಧ ಸಿಕ್ಕಿಗೆ ಕಾರಣ.

ಕಂಡೀಷನರ್ ಭಾಗಕ್ಕೊಂದು ಚಮಚ, ದಟ್ಟವಾಗಿದ್ದರೆ ಎರಡು. ಬಾಟಲಿಯ ಹಿಂದೆ ಬೆಹೆನ್‌ಟ್ರೈಮೋನಿಯಂ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್ ಇದೆಯೇ ನೋಡಿ. ಇವುಗಳ ಧನ ಆವೇಶ ಹಾನಿಯಾದ ಎಳೆಯ ಋಣ ಆವೇಶಕ್ಕೆ ಅಂಟಿಕೊಂಡು ಜಾರುವಿಕೆ ಕೊಡುತ್ತದೆ. ಐದು ನಿಮಿಷ ಬಿಟ್ಟು ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರುಮಾಡಿ ಎರಡೆರಡು ಇಂಚು ಮೇಲೇರುತ್ತ ಬನ್ನಿ. ಹೊಸ ಕೂದಲಿನ ಗೆರೆ ಬಂದಾಗ ಅದರ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ, ಎಳೆತ ಅಲ್ಲಿಗೆ ತಲುಪಬಾರದು. ಬಿಡಿಸಿದ ಭಾಗವನ್ನು ಸಡಿಲವಾಗಿ ತಿರುಚಿ ಹಾಗೆಯೇ ತೊಳೆಯಿರಿ.

ಇಲ್ಲಿ ಬೆಂಗಳೂರಿನ ಬೋರ್‌ವೆಲ್ ನೀರಿನ ಮಾತು ಬರಲೇಬೇಕು. ಗಡಸು ನೀರಿನ ಕ್ಯಾಲ್ಸಿಯಂ ಹಾನಿಯಾದ ಕೂದಲಿಗೆ ಬೇಗ ಅಂಟಿ ಅದನ್ನು ಒರಟು ಮಾಡುತ್ತದೆ. ಗ್ವಾನಿಡಿನ್ ರಿಲ್ಯಾಕ್ಸರ್ ಬಳಸುವವರಿಗೆ ಆ ಮಿಶ್ರಣದಿಂದಲೇ ಕ್ಯಾಲ್ಸಿಯಂ ಕೂತಿರುತ್ತದೆ, ಮೇಲೆ ಇದು ಇನ್ನೊಂದು ಪದರ. ಕೊನೆಯ ಎರಡು ಮಗ್ ನೀರನ್ನಾದರೂ ಫಿಲ್ಟರಿನದು ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದು ತೆಗೆಯುವ ರಾಸಾಯನಿಕ) ಇರುವ ಶಾಂಪೂ ಬಳಸಿ, ಅದರ ಹಿಂದೆಯೇ ಕಂಡೀಷನರ್ ಹಚ್ಚಿ.

ಹೊರಬಂದ ಮೇಲೆ ಟರ್ಕಿ ಟವಲ್ ಬೇಡ, ಅದರ ಕುಣಿಕೆಗಳು ಎಳೆಯನ್ನು ಹಿಡಿಯುತ್ತವೆ. ಹಳೆಯ ಕಾಟನ್ ಟೀ ಶರ್ಟ್ ಅಥವಾ ಮೆತ್ತಗಾದ ಪಂಚೆಯಲ್ಲಿ ಒಂದೊಂದು ಭಾಗವನ್ನೂ ಮೇಲಿನಿಂದ ಕೆಳಕ್ಕೆ ಒತ್ತಿ ನೀರು ಹೀರಿಸಿ. ನಮ್ಮಲ್ಲಿ ತಲೆ ಬಗ್ಗಿಸಿ ಟವಲಿನಿಂದ ಕೂದಲನ್ನು ಪಟಪಟ ಬಡಿದು ನೀರು ಝಾಡಿಸುವುದು ರೂಢಿ. ಈ ಕೂದಲಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಒದ್ದೆ ತುರುಬು ಅದರ ಮುಂದಿನದು: ಗಂಟಿನ ಒಳಭಾಗ ಗಂಟೆಗಟ್ಟಲೆ ಒಣಗುವುದಿಲ್ಲ, ರಬ್ಬರ್ ಬ್ಯಾಂಡ್ ಕಚ್ಚಿದ ಕಡೆ ಎಳೆ ತುಂಡಾಗುತ್ತದೆ.

ನೀರು ತೊಟ್ಟಿಕ್ಕುವುದು ನಿಂತ ಕೂಡಲೇ ಲೀವ್-ಇನ್ (ಹಚ್ಚಿ ತೊಳೆಯದೆ ಬಿಡುವ) ಕಂಡೀಷನರ್, ಭಾಗಕ್ಕೆ ಒಂದು ರೂಪಾಯಿ ನಾಣ್ಯದಷ್ಟು. ಅದರ ಮೇಲೆ ಡೈಮೆಥಿಕೋನ್ ಎಂಬ ಸಿಲಿಕೋನ್ ಇರುವ ಸೀರಮ್ ಇಡೀ ತಲೆಗೆ ನಾಲ್ಕೈದು ಹನಿ, ತುದಿಗಳಿಗೆ ಮೊದಲು. ಹೆಚ್ಚಾದರೆ ಎಳೆಗಳು ಒಂದಕ್ಕೊಂದು ಅಂಟಿ ಒಣಗುವುದು ತಡವಾಗುತ್ತದೆ. ಆಮೇಲೆ ಹೊಸ ಕೂದಲನ್ನು ಅಂಗೈಯಿಂದ ಹಿಂದಕ್ಕೆ ಸವರಿ, ಸ್ಯಾಟಿನ್ ಸ್ಕಾರ್ಫನ್ನು ಹಣೆಯ ಅಂಚಿನಿಂದ ಹಿಂದಕ್ಕೆ ಕಟ್ಟಿ 20 ನಿಮಿಷ ಬಿಡಿ. ಬುಡ ಚಪ್ಪಟೆಯಾಗಿ ಕೂರುತ್ತದೆ, ಉಬ್ಬಿ ಸಿಕ್ಕಾಗುವುದಿಲ್ಲ. ಉದ್ದ ಕೂದಲಾದರೆ ನಾಲ್ಕರಿಂದ ಆರು ಸಡಿಲ ಜಡೆ ಹೆಣೆದು ಆರಿಸುವುದೇ ಸರಿ. ಬಿಚ್ಚು ಕೂದಲು ಫ್ಯಾನಿನ ಗಾಳಿಗೆ ಹಾರಾಡಿ ತಾನೇ ಹೆಣೆದುಕೊಳ್ಳುತ್ತದೆ. ಜಡೆ ಪೂರ್ತಿ ಒಣಗುವವರೆಗೆ ಕೈ ಹಾಕಬೇಡಿ, ಬೆರಳಾಡಿಸಿ ನೋಡುವುದೂ ಬೇಡ.

ಆದರೆ ಐದಾರು ಗಂಟೆ ಒದ್ದೆಯಾಗಿಯೇ ಇರಲು ಬಿಡುವುದೂ ಒಳ್ಳೆಯದಲ್ಲ. 2011ರಲ್ಲಿ ಕೊರಿಯಾದ ಸಂಶೋಧಕರು ಡ್ರೈಯರ್ ಬಿಸಿಯನ್ನೂ ಸಹಜ ಒಣಗುವಿಕೆಯನ್ನೂ ಹೋಲಿಸಿದಾಗ, ಹೊರಪದರದ ಹಾನಿ ಬಿಸಿಯಿಂದ ಹೆಚ್ಚಾದರೂ, ಜೀವಕೋಶಗಳನ್ನು ಬೆಸೆಯುವ ಒಳಪದರ ಕೆಟ್ಟದ್ದು ತಾನಾಗಿ ಒಣಗಿದ ಕೂದಲಿನಲ್ಲೇ ಕಂಡಿತು. ಹೆಚ್ಚು ಹೊತ್ತು ನೀರಿನಲ್ಲಿ ಉಬ್ಬಿರುವುದೇ ಅದಕ್ಕೆ ಕಾರಣವೆಂದು ಅವರು ಭಾವಿಸಿದರು. ಮಳೆಗಾಲದ ಮಂಗಳೂರಿನಲ್ಲಿ ಸಂಜೆ ತಲೆಸ್ನಾನ ಮಾಡಿ ಒದ್ದೆ ಜಡೆಯಲ್ಲೇ ಮಲಗುವ ಬದಲು, ಮುಕ್ಕಾಲು ಭಾಗ ಗಾಳಿಗೆ ಆರಿಸಿ, ಉಳಿದದ್ದನ್ನು ಡ್ರೈಯರಿನ ತಣ್ಣನೆಯ ಗಾಳಿಯಲ್ಲಿ 15 ಸೆಂಟಿಮೀಟರ್ ದೂರದಿಂದ, ಕೈ ಆಡಿಸುತ್ತಲೇ ಮುಗಿಸಿ.

ಇಷ್ಟಾದರೂ ತುಣುಕು ಬೀಳುತ್ತಿದ್ದರೆ ಉದುರಿದ ಒಂದು ಎಳೆಯನ್ನು ಒದ್ದೆ ಮಾಡಿ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಹಿಂದಿರುಗಿದರೆ ಚಿಂತೆಯಿಲ್ಲ. ಗೋಂದಿನಂತೆ ಹಿಗ್ಗುತ್ತಲೇ ಹೋಗಿ ಕಡಿದರೆ ಪ್ರೊಟೀನ್ ಮಾಸ್ಕ್ ಬೇಕು. ಹಿಗ್ಗದೆ ಪಟ್ಟೆಂದು ಮುರಿದರೆ ಪ್ರೊಟೀನ್ ನಿಲ್ಲಿಸಿ ತೇವಾಂಶದ ಕಂಡೀಷನರ್ ಹಿಡಿಯಿರಿ. ಎರಡರಲ್ಲಿ ಯಾವುದಾದರೂ, ಸರಿಹೋಗುವವರೆಗೆ ಮುಂದಿನ ಟಚ್-ಅಪ್ (ಹೊಸ ಕೂದಲಿಗೆ ಮತ್ತೆ ರಿಲ್ಯಾಕ್ಸರ್ ಹಾಕಿಸುವುದು) ತಡಮಾಡಿ, ಮಾಡಿಸುವಾಗ ರಿಲ್ಯಾಕ್ಸರ್ ಕೆನೆ ಹೊಸ ಕೂದಲಿನ ಗೆರೆ ದಾಟದಂತೆ ಪಾರ್ಲರಿನವರಿಗೆ ಮೊದಲೇ ಹೇಳಿ.